ಪುಟಕ್ಕೊಂದು ರೂಪಾಯಿ

ಕಾಜುಬಾಗದ ತಿರುವಿನಲ್ಲಿ ನನ್ನ ಝೆರಾಕ್ಸ್ ಅಂಗಡಿ.
ಆಧಾರ್, ಜಾತಿ ಪ್ರಮಾಣಪತ್ರ, ಬೋಟಿನ ಲೈಸೆನ್ಸು,
ಪರೀಕ್ಷೆ ಹತ್ತಿರ ಬಂದರೆ ಇಡೀ ಪುಸ್ತಕ.
ಯಾರದು, ಯಾಕೆ ಎಂದು ನಾನು ಕೇಳುವುದಿಲ್ಲ.
ಗಾಜಿನಡಿಯ ಬೆಳಕಂತೂ ಕೇಳುವುದೇ ಇಲ್ಲ,
ದೇವಗಡದ ದೀಪದ ಹಾಗೆ
ಕಳ್ಳದೋಣಿಗೂ ಕಸ್ಟಮ್ಸಿನ ದೋಣಿಗೂ ಒಂದೇ.

ಮೊನ್ನೆ ಮಧ್ಯಾಹ್ನ ಒಬ್ಬರು ಬಂದರು.
ಪ್ಲಾಸ್ಟಿಕ್ ಚೀಲ, ಅದರೊಳಗೆ ಪೇಪರು, ಪೇಪರಿನೊಳಗೆ
ಗ್ರಂಥಾಲಯದ ಮುದ್ರೆ ಹೊತ್ತ ಮೀನಿನ ನಿಘಂಟು.
‘ಪೂರ್ತಿ ಬೇಕು. ಇನ್ನೂರ ಹನ್ನೆರಡು ಪುಟ.’

ಇದನ್ನು ಎಷ್ಟು ಸಲ ಮಾಡಿದ್ದೇನೆ ಸಾರ್, ಅಂದೆ,
ಕಾಲೇಜಿನ ಹುಡುಗರು ವರ್ಷವರ್ಷವೂ ತರುತ್ತಾರೆ,
ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ.
ಅವರು ಕನ್ನಡಕ ತೆಗೆದು ಒರೆಸಿದರು.
‘ಸಿಗುವುದಿಲ್ಲ. ನನ್ನ ಹತ್ತಿರವೂ ಇಲ್ಲ. ಬರೆದವನು ನಾನು.’

ಕೈ ಗುಂಡಿಯ ಮೇಲೆಯೇ ನಿಂತಿತು.
ಎರಡನೇ ಪುಟದಲ್ಲಿ, ಇರುವೆಸಾಲಿನಷ್ಟು ಸಣ್ಣಕ್ಷರದಲ್ಲಿ,
ಪ್ರಕಾಶಕರ ಅನುಮತಿಯಿಲ್ಲದೆ ಯಾವ ಭಾಗವನ್ನೂ...
ಅದನ್ನೂ ನಾನು ಪ್ರತಿ ಸಲ ಪ್ರತಿ ಮಾಡಿದ್ದೇನೆ,
ಬಹಳ ಸ್ಪಷ್ಟವಾಗಿಯೇ.

ಮಾಜಾಳಿಕರ ಮಾಸ್ತರರು ಸ್ಟೂಲಿನ ಮೇಲೆ ಕೂತರು.
ಇಪ್ಪತ್ತಾರು ವರ್ಷದ ರವಿವಾರಗಳನ್ನು
ಬೈತಖೋಲದಲ್ಲಿ, ಬೇಲೆಕೇರಿಯಲ್ಲಿ, ತದಡಿಯಲ್ಲಿ ಕಳೆದು
ಒಂದೊಂದು ಬುಟ್ಟಿಗೂ ಬಗ್ಗಿ ಕೇಳಿ ಬರೆದುಕೊಂಡ ಹೆಸರುಗಳು.
ಹಕ್ಕು ಬರೆದುಕೊಟ್ಟದ್ದು ನಾಲ್ಕು ಸಾವಿರಕ್ಕೆ,
ಮಗಳ ಬಾಣಂತನದ ವರ್ಷ.
ಐನೂರು ಪ್ರತಿ ಅಚ್ಚಾಯಿತು. ಪ್ರಕಾಶಕ ತೀರಿಕೊಂಡ.
ಅವನ ಮಗನದು ಟೈಲ್ಸ್ ವ್ಯಾಪಾರ; ಅಚ್ಚು ಹಾಕಿಸುವುದಿಲ್ಲ,
ಬಿಟ್ಟುಕೊಡುವುದೂ ಇಲ್ಲ, ಫೋನಿನಲ್ಲಿ ‘ನೋಡೋಣ’ ಅನ್ನುತ್ತಾನೆ.

ನನಗೆ ನಾಚಿಕೆ. ಲೆಕ್ಕ ಹಾಕಿದರೆ
ಆ ಪುಸ್ತಕದಿಂದ ಅವರಿಗಿಂತ ನನಗೇ ಜಾಸ್ತಿ ಸಿಕ್ಕಿದೆ.
ಹಾಗೆಂದೆ. ಅವರು ನಕ್ಕರು.
‘ನೀನು ಮಾಡದಿದ್ದರೆ ತಂಗೀ, ಆ ಹುಡುಗರಿಗೆ ನಾನು ಹುಟ್ಟಿಯೇ ಇಲ್ಲ.’
ತುಸು ಹೊತ್ತು ಬಿಟ್ಟು, ನಗದೆ:
‘ಒಂದು ಗೈಡಿನಲ್ಲಿ ನನ್ನ ನಲವತ್ತು ಪುಟ ಇವೆ,
ತಪ್ಪುಗಳ ಸಮೇತ. ನನ್ನ ಹೆಸರಿಲ್ಲ.
ಅದು ನೋಯುತ್ತದೆ. ಇದು ನೋಯುವುದಿಲ್ಲ ಅಂತಲೂ ಅಲ್ಲ.
ಬರೀ ಹೆಸರು ಹೇಳಿದರೆ ಔಷಧದ ಅಂಗಡಿಯವ ಗುಳಿಗೆ ಕೊಡುತ್ತಾನೇನು?’

ಉತ್ತರ ನನ್ನಲ್ಲಿರಲಿಲ್ಲ. ಮಿಶನ್ನು ಶುರು ಮಾಡಿದೆ.

ಅರವತ್ತೇಳನೇ ಪುಟಕ್ಕೆ ಅವರು ನನ್ನ ಕೈ ತಡೆದರು.
ಒಂದೇ ಮೀನಿಗೆ ಮೂರು ಹೆಸರು,
ಮರಿಗೊಂದು, ಬೆಳೆದದ್ದಕ್ಕೊಂದು, ಮೊಟ್ಟೆ ತುಂಬಿದ್ದಕ್ಕೊಂದು.
‘ಮೂರನೆಯದನ್ನು ಹೇಳಿದವಳು ತದಡಿಯ ಜಟ್ಟಕ್ಕ ಹರಿಕಂತ್ರ.
ಹೇಳಿ, ಬರೀಬೇಡ ಮಾಸ್ತರಾ ಅಂದಿದ್ದಳು,
ಅದು ಬಲೆಗೆ ಬಿದ್ದರೆ ಬಿಡುವ ಹೆಸರು, ಮಾರುವ ಹೆಸರಲ್ಲ.
ಬರೆದೆ. ಅವಳ ಹೆಸರು ಮಾತ್ರ ಬರೆಯಲಿಲ್ಲ.
ಗೈಡಿನವನನ್ನು ಬೈಯುವಾಗಲೆಲ್ಲ
ಅವಳು ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡುತ್ತಾಳೆ.’

ಎರಡು ಸೆಟ್ ಮಾಡು ಅಂದರು.
ಒಂದರ ಆ ಹಾಳೆ ಇನ್ನೂ ಬಿಸಿಯಿತ್ತು.
ಹೊಡೆದುಹಾಕಲೋ ಎಂಬಂತೆ ಪೆನ್ನು ಆ ಹೆಸರಿನ ಮೇಲೆ ಸುಳಿಯಿತು,
ಆಮೇಲೆ ಅಂಚಿಗೆ ಸರಿಯಿತು:
‘ಹೇಳಿದವಳು ಜಟ್ಟಕ್ಕ. ಕಂಡರೆ ಬಿಡಿ.’
‘ಇನ್ನು ಮುಂದೆ ಇದರಿಂದಲೇ ತೆಗೆ.’
ದುಡ್ಡು ಬೇಡವೆಂದರೂ ಎಣಿಸಿಟ್ಟರು,
ಕಾಗದಕ್ಕೆ, ಕರೆಂಟಿಗೆ, ನಿನ್ನದೂ ಹೊಟ್ಟೆಯಲ್ಲವೇ.

ಈಗ ಹಾರ್ಲಿಕ್ಸ್ ಡಬ್ಬಿಯೊಂದಿದೆ,
ಆ ಪುಸ್ತಕಕ್ಕೆ ಯಾರು ಬಂದರೂ ಮೂವತ್ತು ರೂಪಾಯಿ ಅದರೊಳಗೆ.
ತೊಂಬತ್ತಾಗಿದೆ. ಮಾಸ್ತರರು ಇನ್ನೂ ಬಂದಿಲ್ಲ.
ತದಡಿಗೆ ಕಳಿಸುವುದಾದರೆ ಎಷ್ಟು, ನನಗೆ ತಿಳಿಯದು.

ನಿನ್ನೆ ಒಬ್ಬ ಹುಡುಗ ಕೇಳಿದ,
ಅಕ್ಕಾ, ಅಂಚಿನಲ್ಲಿ ಯಾರೋ ಗೀಚಿದ್ದಾರೆ,
ಅದೊಂದು ಮುಚ್ಚಿ ನೀಟಾಗಿ ತೆಗೆದುಕೊಡ್ತೀರಾ?

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಈ ಅಂಗಡಿಯಲ್ಲಿ ‘ಆಗುವುದಿಲ್ಲ’ ಅಂದೆ.