ಕೂಗು ಒಯ್ಯುವವನು

ರಾತ್ರಿ ಹನ್ನೊಂದೂವರೆಗೆ ಘಾಟ್ಕೋಪರಿನ ರಕ್ತನಿಧಿಯಿಂದ ಫೋನು:
ಸಂಜೆಯಷ್ಟೇ ಹೊಸ ಕಟ್ಟಡಕ್ಕೆ ಏರಿಸಿದ
ಲೇಬಲ್ ಯಂತ್ರ ಮುಷ್ಕರ ಹೂಡಿದೆ.
ಚೀಟಿ ಅಂಟದೆ ಚೀಲ
ಹೊಸ್ತಿಲು ದಾಟುವಂತಿಲ್ಲ.

ಹೋದೆ. ನಾಲ್ಕನೇ ಮಹಡಿ.
ಸುಲಭಾ ತಾಂಬೆ ಕೈಯಲ್ಲೇ ಬರೆಯುತ್ತಿದ್ದಳು,
ಪ್ರತಿ ಚೀಲವನ್ನೂ ಎರಡೆರಡು ಸಲ ಓದಿ.
ಪರದೆಯ ಮೇಲೆ ನೂರರವತ್ತೊಂಬತ್ತು, ಇನ್ನೂರೈವತ್ನಾಲ್ಕು...
ಯಾರೂ ಕೊಡದಿದ್ದಾಗ ಯಂತ್ರ ತಾನೇ ಇಟ್ಟುಕೊಳ್ಳುವ ಅಂಕಿ,
ಫುಟ್‌ಪಾತಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು
ಇದು ನನ್ನ ಮನೆ ಅಂದ ಹಾಗೆ.

"ತಂತಿ ಸಡಿಲಾಗಿದೆಯಾ?"
ಇಲ್ಲ. ಹಸಿರು ದೀಪ ಮಿಣುಕುತ್ತಿದೆ.
ತಪ್ಪಿರುವುದು ಕೂಗು.

ಎದ್ದ ಕೂಡಲೇ ಯಂತ್ರ ಕೂಗುತ್ತದೆ:
ಯಾರಾದರೂ ಇದ್ದೀರಾ, ನನಗೊಂದು ವಿಳಾಸ ಕೊಡಿ.
ಹೆಸರು ಹಿಡಿದು ಕರೆಯಲು ಯಾರ ಹೆಸರೂ ಗೊತ್ತಿಲ್ಲ,
ಎಲ್ಲರನ್ನೂ ಕರೆಯುತ್ತದೆ.
ಆ ಕೂಗು ರೌಟರಿನ ಬಾಗಿಲಲ್ಲಿ ನಿಲ್ಲುತ್ತದೆ;
ಎಲ್ಲರ ಕೂಗನ್ನೂ ಎಲ್ಲರಿಗೂ ದಾಟಿಸಿದರೆ
ಯಾರಿಗೂ ಏನೂ ಕೇಳಿಸದು, ಅದಕ್ಕೆ.
ವಿಳಾಸ ಹಂಚುವ ಸರ್ವರು ಮಾತ್ರ
ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ.

ಅಪ್ಪ ವಿಜಾಪುರದಿಂದ ಲಾಲ್‌ಬಾಗಿಗೆ ಬಂದಿಳಿದಾಗ
ಇಪ್ಪತ್ತೆರಡು ಜನಕ್ಕೆ ಹನ್ನೊಂದು ಹಾಸಿಗೆ.
ಒಬ್ಬ ಮಿಲ್ಲಿಗೆ ಎದ್ದು ಹೋದ ಬಿಸಿಯಲ್ಲೇ
ಇನ್ನೊಬ್ಬ ಬಂದು ಮಲಗಬೇಕು.
ಯಾರಿಗೆ ಯಾವುದು, ಎಷ್ಟು ಹೊತ್ತು,
ಮೂರನೇ ಮಾಳಿಗೆಯ ನೀಲವ್ವನ ವಹಿಯಲ್ಲಿತ್ತು.
ಬೀದಿಯಿಂದ ಕೂಗಿದರೆ ಆಕೆಗೆ ಕೇಳದು.
ಮೆಟ್ಟಿಲ ಬುಡದಲ್ಲಿ ತಂಬಾಕು ಮಾರುವ ಖಾಸೀಮ
ಕೂಗನ್ನು ಮೇಲೆ ಒಯ್ಯುತ್ತಿದ್ದ, ಒಂದು ಮಾತು ಸೇರಿಸಿ:
"ಪೂರ್ವದ ಬಾಗಲಕ್ಕ ಬಂದಾನ, ಹೊಸಬ."
ಬಾಗಿಲು ತಿಳಿದರೆ ತಾನೆ
ಯಾವ ಖೋಲಿಯ ಹಾಸಿಗೆ ಎನ್ನುವುದು,
ಉತ್ತರ ಯಾವ ಮೆಟ್ಟಿಲಲ್ಲಿ ಇಳಿಯಬೇಕೆನ್ನುವುದು.
"ಅಂವಾ ಓದಿದಂವ ಅಲ್ಲ," ಅಪ್ಪ ಅನ್ನುತ್ತಿದ್ದ,
"ಆದ್ರ ಒಂದ ಕೂಗೂ ಕೆಳಗ ಬೀಳಿಸ್ಲಿಲ್ಲ."

ನಮ್ಮ ಖಾಸೀಮ ಎಲ್ಲಿ ಬೀಳಿಸಿದ?
ಪ್ಯಾಕೆಟ್ಟುಗಳನ್ನು ಹಿಡಿದು ಎಣಿಸಿದೆ:
ಇಲ್ಲಿಂದ ಹೊರಟದ್ದು ನಲವತ್ತು,
ನೆಲಮಾಳಿಗೆಗೆ ಬಂದದ್ದು ಸೊನ್ನೆ.
ಫೈರ್‌ವಾಲನ್ನು ಬೈದೆ. ಪಾಪ, ಅದರದೇನೂ ಇರಲಿಲ್ಲ.
ಈ ಮಹಡಿಗೆಂದು ತೆಗೆದಿಟ್ಟ ಇನ್ನೂರು ವಿಳಾಸ
ಒಂದೂ ಮುಟ್ಟದೆ ಕೂತಿದ್ದವು, ಮದುವೆ ಮನೆಯ ಎಲೆಗಳಂತೆ.
ಎರಡು ಗಂಟೆಯ ಹೊತ್ತಿಗೆ
ಆಗಲೇ ಓದಿದ್ದ ಸಾಲನ್ನು ಮತ್ತೆ ಓದಿದೆ,
ಸುಲಭಾ ಚೀಲ ಓದುವಂತೆ.
ಕೊನೆಯಲ್ಲಿ ಹನ್ನೆರಡು. ಇರಬೇಕಾದದ್ದು ಇಪ್ಪತ್ತೊಂದು.

ಹನ್ನೆರಡು ಎಂದರೆ ಹಳೆಯ ಸರ್ವರು.
ಹೋದ ಗಣಪತಿಗೂ ಮುಂಚೆ ಬಿಚ್ಚಿ
ಕುರ್ಲಾದ ಗುಜರಿಗೆ ತೂಕಕ್ಕೆ ಹಾಕಿದ್ದು.
ಸಂಜೆಯಿಂದ ರಿಲೇ ಪ್ರತಿ ಕೂಗನ್ನೂ
ಬಾಗಿಲಿನ ಹೆಸರು ಸೇರಿಸಿ, ಜೋಪಾನವಾಗಿ ಹೊತ್ತು,
ಇಲ್ಲದ ಮನೆಯ ಕದ ತಟ್ಟುತ್ತಲೇ ಇತ್ತು.
ಗುಜರಿ ರಸೀತಿಗೆ ಸಹಿ ನನ್ನದು.
ಈ ಸಾಲು ಟೈಪಿಸಿದವನೂ ನಾನೇ.
ಸುಲಭಾಗೆ ಹೇಳಲಿಲ್ಲ.

ಎರಡಂಕಿ ಅದಲುಬದಲು.
ಯಂತ್ರ ಕೆಮ್ಮಿ, ಬೆಚ್ಚನೆಯ ಪಟ್ಟಿಯೊಂದನ್ನು ಉಗುಳಿತು:
ಬಿ ನೆಗೆಟಿವ್.

"ಈ ನಂಬರು ಕಾಯಮ್ಮಾ?"
ಎಂಟು ದಿನ. ಅರ್ಧ ಕಳೆದೊಡನೆ
ತಾನೇ ಹೋಗಿ ಮತ್ತೆ ಕೇಳಿಕೊಳ್ಳುತ್ತದೆ.
"ನನ್ನದು ಹನ್ನೊಂದು ತಿಂಗಳು, ಮುಲುಂಡಿನಲ್ಲಿ.
ಅರ್ಧಕ್ಕೇ ಕೇಳಿದರೆ ಮಾಲಕ ಬಾಡಿಗೆ ಏರಿಸ್ತಾನೆ,"
ನಕ್ಕು, ಕೈಬರಹದ ಚೀಟಿಗಳನ್ನು ಉಗುರಿನಿಂದ ಎಬ್ಬಿಸತೊಡಗಿದಳು.

ಮೊದಲ ಲೋಕಲ್ಲಿಗೆ ನಡೆದೆ.
ಪ್ಲಾಟ್‌ಫಾರ್ಮಿನಲ್ಲೊಬ್ಬ ಗಂಟಿನ ಮೇಲೆ ಕೂತು,
ಬೆವರಿಗೆ ಮಾಸಿದ ಕಾಗದ ಮುಂದೆ ಹಿಡಿದು
ಹೋಗುವವರನ್ನೆಲ್ಲ ಕೇಳುತ್ತಿದ್ದ, ಕನ್ನಡದಲ್ಲಿ.
ಜನ ದಾಟಿ ಹೋಗುತ್ತಿದ್ದರು.
ಕಾಗದ ಇಸಕೊಂಡು ಓದಿದೆ.
ಇನ್ನೊಮ್ಮೆ ಓದಿದೆ.