ಕೆಂಪನೆಯದೇ ಬೇಕೆಂದು ಹೋಗಿದ್ದೆ

ಕೆಂಪನೆಯದೇ ಬೇಕೆಂದು ಹೋಗಿದ್ದೆ.
ಇಪ್ಪತ್ತೊಂದು ಗೇರು, ಮುಖ ಕಾಣುವ ಮಡ್‌ಗಾರ್ಡು,
ಎರಡು ತಿಂಗಳಿಂದ ನೈಟ್ ಡ್ಯೂಟಿ ಮುಗಿಸಿ ಬರುವಾಗ
ಕ್ಲಿನಿಕ್ಕಿನ ವ್ಯಾನಿನ ಕಿಟಕಿಯಿಂದ
ಕಣ್ಣಿಟ್ಟು ಕಾದದ್ದು.

ಸೊಹಾರಿನ ಈ ಸಣ್ಣ ಅಂಗಡಿಯ ಅಂದುಂಞಿ
ಮಂಜೇಶ್ವರದವರು. ನನ್ನ ಬೀದರಿನ ಮಾತು ಕೇಳಿ
ಒಂದು ಗಳಿಗೆ ಸುಮ್ಮನಿದ್ದು
"ಇದು ಯಾವ ಕನ್ನಡ ಮಾರಾಯ್ರೇ?" ಅಂದರು.
"ಇದೂ ಕನ್ನಡಾನೇ ಅದರಿ."
ಸುಲೈಮಾನಿ ಬಂತು. ಸೈಕಲ್ಲಿನ ಮಾತು ಆಮೇಲೆ.

"ಎಲ್ಲಿ ಬಿಡ್ಲಿಕ್ಕೆ?"
ಕಡಲ ದಂಡೆಗೆ.
"ರಸ್ತೆಯಲ್ಲಾ, ಮರಳಲ್ಲಾ?"
ನನಗೇನು ಗೊತ್ತು,
ಕಡಲನ್ನು ಮೊದಲು ನೋಡಿದ್ದೇ ವಿಮಾನದಿಂದ,
ಮೂವತ್ತೊಂದನೇ ವಯಸ್ಸಿಗೆ.

ಮೂಲೆಯಿಂದ ಒಂದು ಹಳೇ ಚೈನು ತಂದು
ಟೇಬಲ್ಲಿನ ಮೇಲೆ ಬಿಟ್ಟರು.
ಬಿತ್ತು, ಆದರೆ ಮಲಗಲಿಲ್ಲ;
ಜೀವ ಹೋಗಿ ಆರು ತಾಸಾದ ಬೆರಳುಗಳ ಹಾಗೆ
ಬಾಗಿದ್ದು ಬಾಗಿಯೇ ನಿಂತಿತು.
"ಎಂಟು ತಿಂಗಳು. ಎಂಟೇ.
ಗೇರು ಎಷ್ಟೋ, ಉಪ್ಪಿಗೆ ಅಷ್ಟು ಬಾಗಿಲು."

ನಮ್ಮ ಓಣಿಯಲ್ಲಿ ಹುಸೇನಿ ಕಾಕಾ ಬಿದರಿ ಕೆಲಸ ಮಾಡುತ್ತಿದ್ದರು.
ಕೋಟೆಯೊಳಗಿನ ಮಣ್ಣನ್ನು ನಾಲಿಗೆಗಿಟ್ಟು ನೋಡಿ,
ಇದು ಹೌದು, ಇದು ಅಲ್ಲ, ಎಂದು ಆರಿಸಿ
ಕುದಿಸಿ ಹಚ್ಚಿದರೆ
ಹೂಜಿಯ ಮೈ ಮಾತ್ರ ಕಪ್ಪಾಗುತ್ತಿತ್ತು,
ಬೆಳ್ಳಿಯ ಬಳ್ಳಿ ಬೆಳ್ಳಗೇ ಉಳಿಯುತ್ತಿತ್ತು.
ಇಲ್ಲಿನ ಉಪ್ಪಿಗೆ ಆ ನಾಲಿಗೆಯಿಲ್ಲ.
ಬೀಗ ಅನ್ನೋದಿಲ್ಲ, ಹೊಲಿಗೆ ಸೂಜಿ ಅನ್ನೋದಿಲ್ಲ,
ನನ್ನ ಟ್ರಂಕಿನ ಕೊಂಡಿಯನ್ನೂ ಬಿಟ್ಟಿಲ್ಲ.

ಹಿಂದಿನ ಕೋಣೆಯಿಂದ ಅವರು ಉರುಳಿಸಿ ತಂದದ್ದಕ್ಕೆ
ಬಣ್ಣವೇ ಇರಲಿಲ್ಲ. ಇದ್ದರೆ, ವಾರ್ಡಿನ ಟ್ರೇ ಬಣ್ಣ.
ಅಲ್ಯೂಮಿನಿಯಂ ಮೈ. ಚೈನಿನ ಜಾಗದಲ್ಲಿ ರಬ್ಬರಿನ ಪಟ್ಟಿ.
ಬ್ರೇಕಿನ ತಂತಿಯಿಲ್ಲ,
ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ.
ಟೈರು ನನ್ನ ತೋಳಿಗಿಂತ ದಪ್ಪ.
ಬಂದರಿನ ಯಾರೋ ಇಂಜಿನಿಯರು ಊರಿಗೆ ಹೋಗುವಾಗ
ಬಿಟ್ಟುಹೋದದ್ದಂತೆ. ಮೂವತ್ತೆಂಟು ರಿಯಾಲು.

"ನೋಡ್ಲಿಕ್ಕೆ ಚಂದ ಇಲ್ಲ, ಒಪ್ತೇನೆ. ಆದ್ರೆ ಉಳೀತದೆ."
ನನಗೆ ಗಂಡು ನೋಡಿದಾಗ
ದೊಡ್ಡಮ್ಮನೂ ಹೀಗೇ ಹೇಳಿದ್ದಳು.
ಅವನು ಉಳಿಯಲಿಲ್ಲ, ಆ ಮಾತು ಬೇರೆ.

ಗಾಳಿ ಹೊಡೆಯುತ್ತ ಅರ್ಧಕ್ಕೇ ನಿಲ್ಲಿಸಿದರು.
ಹೆಬ್ಬೆರಳಿಂದ ಒತ್ತಿದೆ, ತಗ್ಗು ಬಿತ್ತು.
ಊದಿದ ಕಾಲುಗಳನ್ನು ದಿನಾ ಹೀಗೇ ಒತ್ತಿ ನೋಡುವವಳು,
ತಗ್ಗು ಬಿದ್ದರೆ ಡಾಕ್ಟರನ್ನು ಕೂಗುವವಳು ನಾನು.
"ಮರಳಿಗೆ ಇಷ್ಟೇ ಸಾಕು," ಅಂದರು.
"ಬಿಗಿದುಕೊಂಡು ಹೋದ್ರೆ ಹೂತುಹೋಗ್ತೀರಿ."

ಶುಕ್ರವಾರ, ಬೆಳಗಿನ ಬಾಂಗಿನ ಬೆನ್ನಿಗೇ,
ನೀರು ಹಿಂದೆ ಸರಿದು ಗಟ್ಟಿಯಾದ ಮರಳಿನ ಮೇಲೆ.
ಹನ್ನೆರಡರಲ್ಲಿ, ಬಾಡಿಗೆ ಸೈಕಲ್ಲಿನ ದಂಡದ ಕೆಳಗೆ
ಕಾಲು ತೂರಿಸಿ ಕಲಿತಿದ್ದೆ;
ಹದಿಮೂರಕ್ಕೆ ಸಾಕು ಅಂದರು, ಯಾಕೆಂದು ಹೇಳಲಿಲ್ಲ.
ಬಿದ್ದೆ. ಮತ್ತೆ ಬಿದ್ದೆ.
ಪಿಕಪ್ಪಿಗೆ ಕಟ್ಟಿ ಬಲೆ ಎಳೆಸುತ್ತಿದ್ದ ಮುದುಕ
ಒಮ್ಮೆ ನೋಡಿ ಬಲೆಯ ಕಡೆ ತಿರುಗಿಕೊಂಡ.
ಅಷ್ಟು ಮರ್ಯಾದೆ ಸಾಕಿತ್ತು.
ಮೂರನೇ ಸಲ ಮರಳು ನನ್ನನ್ನು ಹಿಡಿಯಲಿಲ್ಲ.
ಮುದುಕ, ಬಲೆ, ಪಿಕಪ್ಪು, ಅದರ ಡೀಸೆಲ್ ವಾಸನೆ,
ಎಲ್ಲ ಹಿಂದೆ ಬಿತ್ತು.
ಎಡಗಡೆ ಸೂರ್ಯನಿನ್ನೂ ಸುಡಲು ಕಲಿತಿರಲಿಲ್ಲ.

ಈಗ ರೂಮಿನ ಹೊರಗೆ, ಎಸಿ ಪೈಪಿನ ಕೆಳಗೆ, ಒಂದು ಬಕೆಟ್ಟು.
ರಾತ್ರಿಯೆಲ್ಲ ತೊಟ್ಟಿಕ್ಕಿ ಬೆಳಗಿಗೆ ಅರ್ಧ ತುಂಬುತ್ತದೆ.
ಉಪ್ಪಿಲ್ಲದ್ದು, ಪುಕ್ಕಟೆಯದು.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ಸೈಕಲ್ಲೂ ಕುಡಿಯುತ್ತದೆ.
ಪೆಡಲು, ಪಟ್ಟಿ, ಕಡ್ಡಿ ಕಡ್ಡಿಯ ಬುಡ
ಹಳೇ ಸ್ಕಾರ್ಫಿನಿಂದ ಒರೆಸುತ್ತೇನೆ.

ಬೆಲ್ಲು ಮಾತ್ರ ಕಬ್ಬಿಣದ್ದು.
ಆಗಲೇ ಅಂಚಿನಿಂದ ತುಕ್ಕು ಹತ್ತುತ್ತಿದೆ.
ಬದಲಿಸಿಕೊಡ್ತೇನೆ ಅಂದರು ಅಂದುಂಞಿ,
ದುಡ್ಡು ಬೇಡ ಅಂದರು.
ಇರಲಿ ಬಿಡ್ರಿ ಅಂದೆ.
ಕೆಂಪು ಬೇಕೆಂದೇ ಅಲ್ಲವೇ ನಾನು ಹೋದದ್ದು.