ಓದಲು ಮಾತ್ರ

ಸಸೂನ್ ಡಾಕಿನ ಹಿಂದೆ, ಐಸು ಪುಡಿಮಾಡುವ ಯಂತ್ರದ ಪಕ್ಕ
ಮರದ ಏಣಿ ಹತ್ತಿದರೆ ಕಚೇರಿ.
ಲೋಕನಾಥ ಪುತ್ರನ್ ಹೇಳಿದರು:
‘ಅತ್ತಿಗೆಗೂ ಒಂದು ಲಾಗಿನ್ ಮಾಡಿಕೊಡು ಮಾರಾಯ,
ಕಾಲು ಪಾಲು ಅವರದ್ದುಂಟು, ವಕೀಲರ ಕಾಗದ ಬಂದಿದೆ.
ನೋಡಲಿ. ಮುಟ್ಟುವುದು ಬೇಡ.’

ನೋಡಲಿ, ಮುಟ್ಟುವುದು ಬೇಡ ಎಂಬುದಕ್ಕೆ
ಈ ಸಾಫ್ಟ್‌ವೇರಿನಲ್ಲಿ ನಲವತ್ತೊಂದು ಚೌಕಗಳಿವೆ.
ಸಿದ್ಧವಾಗಿ ಬಂದ ಪಾತ್ರ ಯಾವುದೂ ಹೊಂದಲಿಲ್ಲ.
ಮ್ಯಾನೇಜರ್ ದೊಡ್ಡದಾಯಿತು, ಕ್ಲರ್ಕ್ ತಿದ್ದಬಲ್ಲ,
ಆಡಿಟರ್ ಎಲ್ಲವನ್ನೂ ನೋಡಿಬಿಡುತ್ತಾನೆ.
ಹೊಸದೊಂದು ಹೊಲಿದೆ, ಯಜಮಾನರ ಅಳತೆಗೆ:
ಖರೀದಿ ಕಾಣಲಿ. ಮಾರಾಟ ಕಾಣಲಿ.
ತಿದ್ದುವುದು ತೆಗೆ. ಅಳಿಸುವುದು ತೆಗೆ.
ಪ್ರಿಂಟ್? ತೆಗೆ. ಎಕ್ಸೆಲ್ಲಿಗೆ ಇಳಿಸುವುದು?
‘ಅದನ್ನು ಮೊದಲು ತೆಗೆ.’
ಒಂದೊಂದೇ ಟಿಕ್ಕು ಕಿತ್ತೆ.
ಕೆಳಗೆ ಹೆಂಗಸರು ಸಿಗಡಿ ಸುಲಿಯುತ್ತಿದ್ದರು, ಬುಟ್ಟಿಗೆ ಇಷ್ಟೆಂದು.
ನನ್ನದೂ ದಿನಕ್ಕೆ ಇಷ್ಟೆಂದೇ.

ಉಳಿಸುವ ಮುನ್ನ ಪಾತ್ರಕ್ಕೆ ಹೆಸರು ಕೇಳಿತು.
‘ಅತ್ತಿಗೆ’ ಎಂದು ಬರೆದೆ. ಬೇರೇನೂ ಹೊಳೆಯಲಿಲ್ಲ.

ಬುಧವಾರ ಬಂದರು ಜಲಜಕ್ಕ,
ಭಾಯಂದರಿನಿಂದ ಲೋಕಲ್ಲಿನಲ್ಲಿ ನಿಂತುಕೊಂಡೇ.
ಪರದೆಯ ಮುಂದೆ ಕೂತು ಬೂದುಬಣ್ಣದ ಗುಂಡಿಗಳನ್ನು
ಒಂದೊಂದಾಗಿ ಒತ್ತಿ ನೋಡಿದರು,
ಬೀಗ ಹಾಕಿದ ಮೇಲೂ ಬಾಗಿಲು ಜಗ್ಗಿ ನೋಡುವವರ ಹಾಗೆ.
‘ಇವೆಲ್ಲ ಯಾಕೆ ಸತ್ತಿವೆ?’
‘ನಿಮಗೆ ಓದಲು ಮಾತ್ರ, ಅಕ್ಕ.’
‘ಸಾಕು ಬಿಡು. ಇವನ ಅಣ್ಣ
ಮೂವತ್ತು ವರ್ಷ ಅದನ್ನೂ ಕೊಟ್ಟವರಲ್ಲ.’

ಆಮೇಲೆ ಚೀಲದಿಂದ ಉದ್ದನೆಯ ಗೆರೆಪುಸ್ತಕ ತೆಗೆದರು.
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು
ಬರೆಯತೊಡಗಿದರು: ದೋಣಿಯ ಹೆಸರು, ತಾರೀಕು,
ಕಿಲೋ, ದರ, ಐಸಿನ ಖರ್ಚು.
ಏಪ್ರಿಲ್ ಒಂದರಿಂದ.
ಊಟದ ಹೊತ್ತಿಗೆ ಮೇ ಮುಗಿದಿತ್ತು.

ಗಾಜಿನಾಚೆ ಲೋಕನಾಥರು ಬೆರಳಲ್ಲೇ ನನ್ನನ್ನು ಕರೆದರು.
‘ಅದನ್ನು ನಿಲ್ಲಿಸಲಿಕ್ಕೆ ಆಗುತ್ತದಾ?’
ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ,
ಹುಡುಕಿದ ಹಾಗೆ ಮಾಡಿದೆ ಎನ್ನಬೇಕು.
ನಲವತ್ತೊಂದರಲ್ಲಿ ಪೆನ್ನಿಗೆ ಚೌಕ ಇಲ್ಲ.

ಆಗಲೇ ಆಚೆ ಕುರ್ಚಿ ಸರಿದ ಸದ್ದು.
‘ಲೋಕು,
ಜೂನ್ ಹದಿನಾಲ್ಕಕ್ಕೆ ದೋಣಿಗಳೆಲ್ಲ ದಡದಲ್ಲಿ ಕಟ್ಟಿಹಾಕಿರುತ್ತವಲ್ಲ,
ಒಂಬೈನೂರು ಕಿಲೋ ಮಾಂಜಿ
ಯಾವ ಕಡಲಿನದ್ದು ಮಗಾ?’